ಹಳೆಯ ಝೆನ್ ಕಾರಿನ ಮಿಸ್ಸಿಂಗ್ ಮತ್ತು ಸೋರಿಕೆ: ಎಲ್ಲಿಂದ ಹುಡುಕಬೇಕು?

ಪ್ರಶ್ನೆ (ಉಡುಪಿಯಿಂದ)

ನಮ್ಮ ತಂದೆಯವರು 1996ರಲ್ಲಿ ಕೊಂಡ ಕಾರ್ಬ್ಯುರೇಟರ್ ಇರುವ ಮಾರುತಿ ಝೆನ್ ಇಂದಿಗೂ ನಮ್ಮಲ್ಲಿದೆ. ಮಳೆಗಾಲ ಹಿಡಿದ ಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಇಂಜಿನ್ ನಡುಗುತ್ತದೆ ಮತ್ತು ಮಣಿಪಾಲದ ಏರಿನಲ್ಲಿ ಮಿಸ್ಸಿಂಗ್ ಆಗಿ (ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತಿಕೊಳ್ಳದೆ) ಪಿಕಪ್ ಸಿಗುವುದಿಲ್ಲ. ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವಲ್ಲಿಂದ ಆಯಿಲ್ ತೊಟ್ಟಿಕ್ಕುತ್ತದೆ. ರೇಡಿಯೇಟರಿನ ನೀರೂ ವಾರದಿಂದ ವಾರಕ್ಕೆ ಇಳಿಯುತ್ತಿದೆ. ಗೇರ್‌ಬಾಕ್ಸ್ ಇಳಿಸಬೇಕು, ಹೆಡ್ (ಸಿಲಿಂಡರುಗಳನ್ನು ಮುಚ್ಚುವ ಇಂಜಿನಿನ ಮೇಲ್ಭಾಗ) ಬಿಚ್ಚಬೇಕು ಎಂದು ಗ್ಯಾರೇಜಿನಲ್ಲಿ ಹೇಳುತ್ತಾರೆ. ಅಷ್ಟು ಖರ್ಚು ಮಾಡುವ ಮೊದಲು ನಾವೇ ಏನನ್ನು ಪರೀಕ್ಷಿಸಬಹುದು? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ (ಮಂಗಳೂರಿನಿಂದ)

ಗೇರ್‌ಬಾಕ್ಸ್ ಇಳಿಸಲು ಒಪ್ಪಿಗೆ ಕೊಡುವ ಮೊದಲು ಡಿಸ್ಟ್ರಿಬ್ಯೂಟರನ್ನು, ಅಂದರೆ ಪ್ಲಗ್ಗುಗಳಿಗೆ ಸರದಿಯಂತೆ ಕಿಡಿಯ ವಿದ್ಯುತ್ತನ್ನು ಹಂಚುವ ಭಾಗವನ್ನು, ಬಿಚ್ಚಿಸಿ ನೋಡಿ ಎಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಈ 993 ಸಿಸಿಯ ನಾಲ್ಕು ಸಿಲಿಂಡರಿನ ಇಂಜಿನಿನಲ್ಲಿ ಡಿಸ್ಟ್ರಿಬ್ಯೂಟರ್ ಇರುವುದು ಹೆಡ್ಡಿನ ತುದಿಯಲ್ಲಿ, ಅಂದರೆ ಸರಿಯಾಗಿ ಗೇರ್‌ಬಾಕ್ಸಿನ ಮೇಲ್ಭಾಗದಲ್ಲಿ. ಅದಕ್ಕೂ ಹೆಡ್ಡಿಗೂ ನಡುವೆ ಒಂದು ರಬ್ಬರಿನ ಓ-ರಿಂಗ್ ಇದೆ. ಇಷ್ಟು ವರ್ಷ ಬಿಸಿಯಲ್ಲಿ ಬೆಂದ ರಬ್ಬರು ಗಟ್ಟಿಯಾದಾಗ ಅಲ್ಲಿಂದ ಜಿನುಗುವ ಆಯಿಲ್ ಹೆಡ್ಡಿನ ಬದಿಯಿಂದ ಇಳಿದು, ಗೇರ್‌ಬಾಕ್ಸಿನ ಮೇಲೆ ಹರಿದು, ಕೊನೆಗೆ ಇಂಜಿನ್ ಮತ್ತು ಗೇರ್‌ಬಾಕ್ಸಿನ ಸಂದಿಯಿಂದಲೇ ಕೆಳಗೆ ಬೀಳುತ್ತದೆ. ಕಾರಿನ ಅಡಿಯಿಂದ ನೋಡಿದವರಿಗೆ ಅದು ಕ್ರ್ಯಾಂಕಿನ (ಇಂಜಿನಿನ ಮುಖ್ಯ ತಿರುಗುವ ದಂಡದ) ಹಿಂಬದಿಯ ಸೀಲಿನ ಸೋರಿಕೆಯಂತೆಯೇ ಕಾಣಿಸುತ್ತದೆ.

ನಮ್ಮ ಕಾರಿನಲ್ಲಿ ಇದೇ ತಪ್ಪು ಎಣಿಕೆಯಿಂದ ಗೇರ್‌ಬಾಕ್ಸ್ ಇಳಿಸಿ ಸೀಲ್ ಬದಲಾಯಿಸಿದ್ದರು. ಒಂದು ವಾರ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಹನಿ ಕಾಣಿಸಿತು. ಆಮೇಲೆ ಕುಲಶೇಖರದ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರಿನ ಅಡಿಗೆ ಬೆರಳು ಹಾಕಿ, ಕಪ್ಪಾದ ಬೆರಳನ್ನು ನನಗೆ ತೋರಿಸಿ, "ಇದು ಮೇಲಿನಿಂದ ಬರುವುದು ಮಾರಾಯ್ರೇ, ಕೆಳಗೆ ಹುಡುಕಿದರೆ ಸಿಕ್ಕುವುದಿಲ್ಲ" ಎಂದರು. ಅವರು ಹೊರತೆಗೆದ ಓ-ರಿಂಗ್ ಒಂದು ಬದಿಯಲ್ಲಿ ಪಟ್ಟಿಯಂತೆ ಚಪ್ಪಟೆಯಾಗಿತ್ತು, ನಾನು ಸ್ವಲ್ಪ ಬಗ್ಗಿಸಿದಾಗ ಒಣ ಕಡ್ಡಿಯ ಹಾಗೆ ಟಕ್ಕೆಂದು ಮುರಿಯಿತು. ಹೊಸದರ ಬೆಲೆ ಒಂದು ಊಟದ ಬೆಲೆಗಿಂತ ಕಡಿಮೆ ಇತ್ತು.

ನಿಮ್ಮ ಮಿಸ್ಸಿಂಗಿಗೂ ಇದಕ್ಕೂ ಸಂಬಂಧವಿರುವ ಸಾಧ್ಯತೆ ಇರುವುದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಡಿಸ್ಟ್ರಿಬ್ಯೂಟರಿನ ಒಳಗಿನ ಸೀಲೂ ಸವೆದಿದ್ದರೆ ಆಯಿಲ್ ಅದರ ಮುಚ್ಚಳದ, ಅಂದರೆ ಪ್ಲಗ್ ವಯರುಗಳು ಹೊರಡುವ ಕ್ಯಾಪಿನ, ಒಳಗೇ ಸೇರುತ್ತದೆ. ಅದರ ಮೇಲೆ ನಮ್ಮ ಕರಾವಳಿಯ ತೇವವೂ ಕೂತರೆ ಕಿಡಿಯು ಪ್ಲಗ್ಗಿಗೆ ಹೋಗುವ ಬದಲು ಕ್ಯಾಪಿನ ಗೋಡೆಯಲ್ಲೇ ದಾರಿ ಮಾಡಿಕೊಂಡು ಹರಿದುಹೋಗುತ್ತದೆ. ಕ್ಯಾಪನ್ನು ತೆಗೆದು ಒಣ ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು, ಒಳಗೆ ಪೆನ್ಸಿಲಿನಲ್ಲಿ ಎಳೆದಂತಹ ಸಣ್ಣ ಕಪ್ಪು ಗೆರೆ ಇದೆಯೇ ಎಂದು ನೋಡಿ. ಇದ್ದರೆ ಆ ಕ್ಯಾಪನ್ನು ಉಜ್ಜಿ ಸರಿಪಡಿಸಲು ಹೋಗಬೇಡಿ, ಬದಲಾಯಿಸಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಸಮುದ್ರದ ಉಪ್ಪುಗಾಳಿಯೂ ಬೀಸುವ ನಮ್ಮ ಊರುಗಳಲ್ಲಿ ಕ್ಯಾಪಿನ ಒಳಗಿನ ಲೋಹದ ತುದಿಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟುವುದೂ ಸಾಮಾನ್ಯ.

ಏರಿನಲ್ಲಿ ತೊಂದರೆ ಹೆಚ್ಚಾಗುವುದಕ್ಕೂ ಕಾರಣವಿದೆ. ಆಕ್ಸಿಲರೇಟರ್ ಹೆಚ್ಚು ತುಳಿದಾಗ ಸಿಲಿಂಡರಿನೊಳಗೆ ಹೆಚ್ಚು ಗಾಳಿ ತುಂಬಿ ಒತ್ತಡ ಏರುತ್ತದೆ, ಆ ಒತ್ತಡದಲ್ಲಿ ಕಿಡಿ ಹಾರಲು ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ. ಆಗ ಹಳೆಯ ಪ್ಲಗ್ ವಯರಿನ ರಬ್ಬರಿನಲ್ಲಿರುವ ಸಣ್ಣ ಬಿರುಕಿನ ಮೂಲಕ ಕಿಡಿ ಇಂಜಿನ್ನಿನ ಲೋಹಕ್ಕೆ ಜಿಗಿಯುತ್ತದೆ. ರಾತ್ರಿ ಕತ್ತಲಲ್ಲಿ ಇಂಜಿನ್ ಓಡುತ್ತಿರುವಾಗ, ಇಸ್ತ್ರಿ ಹಾಕುವಾಗ ನೀರು ಚಿಮುಕಿಸುವ ಬಾಟಲಿಯಿಂದ ವಯರುಗಳ ಮೇಲೆ ಮಂಜಿನಂತೆ ನೀರು ಹಾಯಿಸಿದರೆ, ಕೆಟ್ಟ ವಯರಿನ ಸುತ್ತ ಚಟಚಟ ಸದ್ದಿನೊಂದಿಗೆ ನೀಲಿ ಕಿಡಿಗಳು ಕಾಣುತ್ತವೆ. ಈ ಪರೀಕ್ಷೆ ಮಾಡುವಾಗ ಯಾವುದನ್ನೂ ಕೈಯಿಂದ ಮುಟ್ಟಬಾರದು, ಫ್ಯಾನಿನಿಂದಲೂ ದೂರವಿರಬೇಕು.

ಇಷ್ಟರಲ್ಲಿ ತಿಳಿಯದಿದ್ದರೆ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂಬುದನ್ನು ಕಂಡುಹಿಡಿಯಬೇಕು. ಇಂಜಿನ್ ನಿಲ್ಲಿಸಿ, ಒಂದು ಪ್ಲಗ್ಗಿನ ವಯರ್ ಕಳಚಿ, ಅದಕ್ಕೆ ಬೇರೊಂದು ಪ್ಲಗ್ ಸಿಕ್ಕಿಸಿ, ಆ ಪ್ಲಗ್ಗಿನ ಲೋಹದ ಭಾಗ ಇಂಜಿನ್ನಿಗೆ ತಾಗಿಕೊಂಡಿರುವಂತೆ ಭದ್ರಪಡಿಸಿ, ಆಮೇಲೆ ಸ್ಟಾರ್ಟ್ ಮಾಡಿ. ಐಡ್ಲಿಂಗ್ ಇನ್ನಷ್ಟು ಕೆಟ್ಟರೆ ಆ ಸಿಲಿಂಡರ್ ಅಲ್ಲಿಯವರೆಗೆ ಕೆಲಸ ಮಾಡುತ್ತಿತ್ತು ಎಂದರ್ಥ. ಏನೂ ವ್ಯತ್ಯಾಸವಾಗದಿದ್ದರೆ ತಪ್ಪು ಇರುವುದು ಅಲ್ಲೇ. ಓಡುತ್ತಿರುವ ಇಂಜಿನಿನಿಂದ ವಯರ್ ಎಳೆಯುವ ಅಭ್ಯಾಸ ಹಲವರಿಗಿದೆ, ಅದು ಕೈಗೂ ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲಿಗೂ ಒಳ್ಳೆಯದಲ್ಲ. ತಪ್ಪಿರುವ ಸಿಲಿಂಡರಿನ ಪ್ಲಗ್ಗನ್ನು ಪಕ್ಕದ್ದಕ್ಕೆ ಬದಲಿಸಿದಾಗ ಮಿಸ್ಸಿಂಗೂ ಅದರ ಜೊತೆಗೆ ಹೋದರೆ ಪ್ಲಗ್ ಕೆಟ್ಟಿದೆ, ಹೋಗದಿದ್ದರೆ ವಯರನ್ನು ನೋಡಬೇಕು. ಪ್ಲಗ್ಗಿನ ತುದಿಯನ್ನೂ ಓದಲು ಕಲಿಯಿರಿ: ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಕಿಡಿ ಬರುತ್ತಿಲ್ಲ, ಆಯಿಲಿನ ಜಿಡ್ಡಿದ್ದರೆ ಪಿಸ್ಟನ್ನಿನ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ, ಒಣ ಮಸಿಯಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಕಿಡಿ ದುರ್ಬಲವಾಗಿದೆ. ಒಂದೇ ಪ್ಲಗ್ ಉಳಿದವುಗಳಿಗಿಂತ ತೀರ ಬಿಳಿಯಾಗಿ ತೊಳೆದಂತಿದ್ದರೆ ಆ ಸಿಲಿಂಡರಿಗೆ ನೀರು ಸೇರುತ್ತಿರಬಹುದೆಂದು ಅನುಮಾನಿಸಬೇಕು.

ಇವೆಲ್ಲ ಸರಿಯಿದ್ದರೂ ಅದೇ ಸಿಲಿಂಡರ್ ಸತ್ತಿದ್ದರೆ ಮಾತ್ರ ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡದ) ಪರೀಕ್ಷೆ ಮಾಡಿಸಿ. ಅಂಕಿ ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಲು ಹೇಳಿ. ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ತಪ್ಪು ವಾಲ್ವಿನಲ್ಲಿ ಅಥವಾ ಹೆಡ್ಡಿನ ಅಡಿಯ ಗ್ಯಾಸ್ಕೆಟ್ಟಿನಲ್ಲಿದೆ. ಹೆಡ್ ಬಿಚ್ಚುವ ಮಾತು ಅದರ ನಂತರದ್ದು.

ಉತ್ತರ (ಕಾಪುವಿನಿಂದ)

ಮೇಲಿನವರು ಹೇಳಿದ್ದಕ್ಕೆ ಸೋರಿಕೆಯ ಕುರಿತು ಎರಡು ಮಾತು ಸೇರಿಸುತ್ತೇನೆ. ಎಲ್ಲೆಡೆ ಜಿಡ್ಡು ಹಿಡಿದಿರುವ ಇಂಜಿನಿನಲ್ಲಿ ಸೋರಿಕೆಯ ಮೂಲವನ್ನು ಯಾರೂ ನಂಬಿಕೆಯಿಂದ ಹೇಳಲಾರರು. ಡಿಸ್ಟ್ರಿಬ್ಯೂಟರ್ ಮತ್ತು ಕಾರ್ಬ್ಯುರೇಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ತಣ್ಣಗಿರುವ ಇಂಜಿನನ್ನು ಡೀಸೆಲ್ ಮತ್ತು ಬ್ರಶ್ಶಿನಿಂದ ಉಜ್ಜಿ ಪೂರ್ತಿ ಒಣಗಿಸಿ, ಅನುಮಾನವಿರುವ ಕಡೆ ಟಾಲ್ಕಂ ಪೌಡರ್ ಉದುರಿಸಿ. ಉಡುಪಿಯಿಂದ ನಮ್ಮ ಕಾಪುವಿನವರೆಗೆ ಒಮ್ಮೆ ಹೋಗಿ ಬಂದರೆ ಸಾಕು, ಬಿಳಿ ಪೌಡರಿನ ಮೇಲೆ ಕಪ್ಪು ಗೆರೆ ಎಲ್ಲಿಂದ ಹೊರಟಿದೆ ಎಂಬುದು ಕಾಣುತ್ತದೆ. ಒದ್ದೆಯಾದ ಜಾಗಗಳಲ್ಲಿ ಅತ್ಯಂತ ಮೇಲಿನದನ್ನು ಮೊದಲು ನಂಬಬೇಕು. ಟ್ಯಾಪೆಟ್ ಕವರಿನ ಪ್ಯಾಕಿಂಗನ್ನೂ, ಇಂಜಿನಿನ ಉಸಿರಾಟದ ಪಿಸಿವಿ ವಾಲ್ವನ್ನೂ ಮರೆಯಬೇಡಿ. ಆ ವಾಲ್ವ್ ಕಟ್ಟಿಕೊಂಡರೆ ಒಳಗಿನ ಒತ್ತಡವು ಒಳ್ಳೆಯ ಸೀಲುಗಳಿಂದಲೂ ಆಯಿಲನ್ನು ಹೊರದೂಡುತ್ತದೆ.

ನೀರಿನ ವಿಷಯದಲ್ಲಿ ಆತುರ ಬೇಡ. ಆಯಿಲ್ ತುಂಬುವ ಮುಚ್ಚಳದ ಒಳಗೆ ಹಾಲು ಹಾಕಿದ ಕಾಫಿಯ ಬಣ್ಣದ ಕೆನೆ ಕಂಡ ಕೂಡಲೇ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ನಮಗೆ ಹೆದರಿಸಿದ್ದರು. ಆದರೆ ಮಳೆಗಾಲದಲ್ಲಿ ಅಂಗಡಿಗೆ, ಶಾಲೆಗೆ ಎಂದು ಸಣ್ಣ ದೂರವಷ್ಟೇ ಓಡುವ ಕಾರಿನಲ್ಲಿ ಆವಿ ತಣಿದು ಮುಚ್ಚಳದಲ್ಲಿ ಸ್ವಲ್ಪ ಕೆನೆ ಕಟ್ಟುವುದು ಸಹಜ. ಡಿಪ್‌ಸ್ಟಿಕ್‌ನಲ್ಲಿಯೂ ಅದೇ ಬಣ್ಣವಿದ್ದರೆ, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತಲೇ ಇದ್ದರೆ, ರೇಡಿಯೇಟರಿನಲ್ಲಿ ಗುಳ್ಳೆಗಳು ನಿಲ್ಲದೆ ಏಳುತ್ತಿದ್ದರೆ ಮಾತ್ರ ಚಿಂತಿಸಬೇಕು. ನಮ್ಮಲ್ಲಿ ಸೋರುತ್ತಿದ್ದದ್ದು ಇಂಜಿನಿನ ಹಿಂಬದಿಯ ಕಬ್ಬಿಣದ ನೀರಿನ ಪೈಪು. ವರ್ಷಗಟ್ಟಲೆ ಬಾವಿಯ ನೀರನ್ನೇ ರೇಡಿಯೇಟರಿಗೆ ತುಂಬಿದ್ದರಿಂದ ಅದು ಒಳಗಿನಿಂದಲೇ ತುಕ್ಕು ತಿಂದಿತ್ತು. ಬಿಸಿಯಲ್ಲಿ ಹನಿ ಆವಿಯಾಗಿ ಹೋಗುವುದರಿಂದ ಬೆಳಿಗ್ಗೆ ತಣ್ಣಗಿರುವಾಗಲೇ ಟಾರ್ಚ್ ಹಿಡಿದು ನೋಡಬೇಕು. ರೇಡಿಯೇಟರ್ ಮುಚ್ಚಳದ ರಬ್ಬರು, ಹೋಸುಗಳ ಕ್ಲಿಪ್ಪು, ವಾಟರ್ ಪಂಪಿನ ಕೆಳಭಾಗ, (ಹೀಟರ್ ಸೋರಿದರೆ ಒದ್ದೆಯಾಗುವ) ಎಡಬದಿಯ ಆಸನದ ಮುಂದಿನ ಕಾರ್ಪೆಟ್ ಇವನ್ನೂ ಪರೀಕ್ಷಿಸಿ. ಬಿಸಿ ಇಂಜಿನಿನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ.

ಕೇಳಿದವರಿಂದ (ಉಡುಪಿ, ಹನ್ನೆರಡು ದಿನಗಳ ನಂತರ)

ಇಬ್ಬರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಡಿಸ್ಟ್ರಿಬ್ಯೂಟರಿನ ಅಡಿ ಪೂರ್ತಿ ಆಯಿಲಿನಿಂದ ತೊಯ್ದಿತ್ತು. ಕ್ಯಾಪಿನೊಳಗೆ ನೀವು ಹೇಳಿದಂತೆಯೇ ಕಪ್ಪು ಗೆರೆ ಎರಡು ತುದಿಗಳ ನಡುವೆ ಹಾದುಹೋಗಿತ್ತು. ಓ-ರಿಂಗ್, ಒಳಗಿನ ಸೀಲ್, ಕ್ಯಾಪ್, ಅದರೊಳಗೆ ತಿರುಗುವ ರೋಟರ್ ಬದಲಾಯಿಸಿದ ಮೇಲೆ ಅಂಗಳದಲ್ಲಿ ಹಾಸಿದ ಪೇಪರಿನ ಮೇಲೆ ಐದು ದಿನಗಳಿಂದ ಆಯಿಲ್ ಹನಿ ಬಿದ್ದಿಲ್ಲ. ಗೇರ್‌ಬಾಕ್ಸ್ ಇಳಿಸಿಲ್ಲ. ಮಣಿಪಾಲದ ಏರನ್ನು ಕಾರು ಈಗ ನಡುಗದೆ ಹತ್ತುತ್ತದೆ, ಆದರೆ ಮೂರನೆಯ ಸಿಲಿಂಡರಿನ ಪ್ಲಗ್ ಇನ್ನೂ ಉಳಿದವುಗಳಿಗಿಂತ ಕಪ್ಪಾಗುತ್ತಿದೆ. ಅದರ ವಯರನ್ನು ಬದಲಿಸಿ ನೋಡುತ್ತೇವೆ. ನೀರಿನ ಮಟ್ಟ ಈಗಲೂ ಇಳಿಯುತ್ತಿದೆ. ಇಂದು ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿದಾಗ ವಾಟರ್ ಪಂಪಿನ ಕೆಳಗೆ ಒಣಗಿದ ಹಸಿರು ಗೆರೆಯೊಂದು ಕಂಡಿತು. ಟೈಮಿಂಗ್ ಬೆಲ್ಟ್ ಹಾಕಿ ಎಷ್ಟು ಕಾಲವಾಯಿತೆಂದು ತಂದೆಯವರಿಗೂ ನೆನಪಿಲ್ಲದ ಕಾರಣ, ಪಂಪ್ ಬದಲಾಯಿಸುವಾಗ ಅದನ್ನೂ ಹೊಸದಾಗಿ ಹಾಕಿಸಲು ತೀರ್ಮಾನಿಸಿದ್ದೇವೆ.