ಪದಚರ್ಚೆ: ಸ್ಕ್ಯಾನ್ ಮಾಡಿದ ಫೋಟೋದ ಎರಡು ದಿನಾಂಕಗಳಿಗೆ ಯಾವ ಪದ?

ಮಾನ್ಯರೇ,

ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿ ಡಿಜಿಕ್ಯಾಮ್‌ನಂತಹ, ಫೋಟೋಗಳನ್ನು ಜೋಡಿಸಿಡುವ ತಂತ್ರಾಂಶಕ್ಕೆ ಸೇರಿಸುವ ಕ್ರಮವನ್ನು ಕನ್ನಡದಲ್ಲಿ ವಿವರಿಸುವ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಬರುವ ಎರಡು ದಿನಾಂಕಗಳ ಹೆಸರಿನ ಬಗ್ಗೆ ತಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ.

ಚಿತ್ರದ ಕಡತದೊಳಗೆ ಎಕ್ಸಿಫ್ ಮಾನಕದಂತೆ ದಾಖಲಾಗುವ ವಿವರಗಳಲ್ಲಿ, ಮೂಲ ಚಿತ್ರ ಮೂಡಿದ ಸಮಯಕ್ಕೆ ಒಂದು ಅಂಕಣ, ಅದು ಡಿಜಿಟಲ್ ರೂಪಕ್ಕೆ ಬಂದ ಸಮಯಕ್ಕೆ ಇನ್ನೊಂದು ಅಂಕಣ ಇವೆ. ಡಿಜಿಟಲ್ ಕ್ಯಾಮೆರಾದಲ್ಲಿ ಇವೆರಡೂ ಒಂದೇ ಆಗಿರುವುದರಿಂದ ಹೆಸರಿನ ತೊಡಕು ಕಾಣಿಸುವುದೇ ಇಲ್ಲ. 1968ರ ಮದುವೆಯ ಫೋಟೋವನ್ನು ಇಂದು ಸ್ಕ್ಯಾನ್ ಮಾಡಿದರೆ ಎರಡರ ನಡುವೆ ಅರ್ಧ ಶತಮಾನಕ್ಕೂ ಹೆಚ್ಚಿನ ಅಂತರ ಬೀಳುತ್ತದೆ. ಮೊದಲ ಅಂಕಣವನ್ನು ನಾವೇ ತುಂಬದಿದ್ದರೆ ತಂತ್ರಾಂಶವು ಸ್ಕ್ಯಾನ್ ಮಾಡಿದ ದಿನವನ್ನೋ ಕಡತ ಉಳಿಸಿದ ದಿನವನ್ನೋ ಹಿಡಿದು, ಅಜ್ಜಿಯ ಮದುವೆಯನ್ನು ಮರಿಮಗಳ ನಾಮಕರಣದ ಪಕ್ಕದಲ್ಲಿ ಜೋಡಿಸಿಬಿಡುತ್ತದೆ. ಆದ್ದರಿಂದ ಯಾವ ಅಂಕಣ ಯಾವುದೆಂದು ಓದಿದ ಕೂಡಲೇ ತಿಳಿಯಬೇಕು.

ಮೊದಲನೆಯದಕ್ಕೆ ‘ತೆಗೆದ ದಿನಾಂಕ’ ಎನ್ನುವುದು ಸಹಜ. ‘ಫೋಟೋ ತೆಗೆಸಿಕೊಂಡೆವು’ ಎಂದೇ ಮನೆಗಳಲ್ಲಿ ಹೇಳುತ್ತಾರೆ. ಆದರೆ ‘ತೆಗೆ’ ಎಂದರೆ ಇರುವುದನ್ನು ಇಲ್ಲವಾಗಿಸುವುದೂ ಹೌದು. ‘ಆಲ್ಬಮ್‌ನಿಂದ ತೆಗೆ’ ಎಂಬ ಆಯ್ಕೆ ಇರುವ ಪರದೆಯಲ್ಲಿಯೇ ‘ತೆಗೆದ ಫೋಟೋಗಳು’ ಎಂದು ಬರೆದರೆ, ಕ್ಯಾಮೆರಾದಿಂದ ತೆಗೆದವೋ ಆಲ್ಬಮ್‌ನಿಂದ ತೆಗೆದವೋ ಎಂಬ ಅನುಮಾನ ಹುಟ್ಟುತ್ತದೆ. ‘ಸೆರೆಹಿಡಿದ’ ಎಂಬುದು ಸ್ಕ್ಯಾನರಿಗೂ ಸಲ್ಲುತ್ತದೆ. ‘ಮೂಲ ದಿನಾಂಕ’ ಎಂದರೆ ತಿದ್ದುವ ಮೊದಲು ಇದ್ದ ದಿನಾಂಕವೆಂದು ತಿಳಿಯುವ ಸಂಭವವಿದೆ. ಈ ಕಾರಣದಿಂದ ‘ತೆಗೆ’ಯನ್ನು ಕ್ಯಾಮೆರಾದ ಕೆಲಸಕ್ಕಷ್ಟೇ ಮೀಸಲಿಟ್ಟು, ಕಡತವನ್ನು ನಾಶಮಾಡುವುದಕ್ಕೆ ‘ಅಳಿಸು’, ಆಲ್ಬಮ್‌ನಿಂದ ಬೇರ್ಪಡಿಸುವುದಕ್ಕೆ ‘ಕೈಬಿಡು’ ಎಂದು ಬಳಸುವುದು ಮೇಲೆಂಬುದು ನನ್ನ ಒಲವು.

ಎರಡನೆಯದಕ್ಕೆ ‘ಡಿಜಿಟಲೀಕರಿಸಿದ ದಿನಾಂಕ’ ಎಂಬುದು ಭಾರವಾದ ಪದ. ‘ಸ್ಕ್ಯಾನ್ ಮಾಡಿದ ದಿನಾಂಕ’ ಹಗುರವಾಗಿದೆ. ಆದರೆ ಗೋಡೆಯ ಮೇಲಿನ ಚೌಕಟ್ಟಿನ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡವರಿಗೆ ಅದು ಒಗ್ಗುವುದಿಲ್ಲ. ಅಂಥ ಕಡತದಲ್ಲಿ ಮೊಬೈಲು ಎರಡೂ ಅಂಕಣಗಳಿಗೆ ಇಂದಿನ ದಿನವನ್ನೇ ಬರೆಯುವುದರಿಂದ, ಸರಿಯಾದ ಪದದ ಅಗತ್ಯ ಇವರಿಗೇ ಹೆಚ್ಚು. ಕಡತಗಳನ್ನು ತಂತ್ರಾಂಶಕ್ಕೆ ಸೇರಿಸಿಕೊಳ್ಳುವುದಕ್ಕೆ ಬಳಸುವ ‘ಆಮದು’ ಪದದ ಬಗ್ಗೆ ನನಗೆ ತಕರಾರಿಲ್ಲ. ಅದು ಈಗಾಗಲೇ ಬಳಕೆಯಲ್ಲಿ ನೆಲೆಗೊಂಡಿದೆ.

‘ಫೋಟೋ ಹೊಡೆಸು’, ‘ಫೋಟೋ ಹಿಡಿಸು’ ಎಂಬ ಮಾತುಗಳು ತಮ್ಮ ಊರಿನ ಕಡೆ ರೂಢಿಯಲ್ಲಿವೆಯೇ? ಎರಡನೆಯ ಅಂಕಣಕ್ಕೆ, ಸ್ಕ್ಯಾನರು ಮತ್ತು ಮೊಬೈಲು ಎರಡಕ್ಕೂ ಹೊಂದುವ ಸರಳವಾದ ಕನ್ನಡ ಕ್ರಿಯಾಪದ ಯಾವುದಾದರೂ ಇದೆಯೇ? ದಯವಿಟ್ಟು ತಿಳಿಸಿರಿ.