ನೇತ್ರಾಣಿ ಡೈವ್: ಚಿತ್ರಗಳಲ್ಲಿ ಬಿಳಿ ಚುಕ್ಕೆ, ಗಾಜಿನಲ್ಲಿ ಮಂಜು, ಸೇಫ್ಟಿ ಸ್ಟಾಪಿನಲ್ಲಿ ನಿಲ್ಲಲಾಗುತ್ತಿಲ್ಲ

ಬಯಲುಸೀಮೆಯವ:

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ಓಪನ್ ವಾಟರ್ ಕೋರ್ಸ್ ಮುಗಿಸಿದ ನಾನು ಡಿಸೆಂಬರಿನಲ್ಲಿ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಬಳಿ ಎರಡು ಡೈವ್ ಮಾಡಿ ಬಂದೆ. ನೀರಿನೊಳಗೆ ಕ್ಯಾಮೆರಾ ಒಯ್ದದ್ದು ಇದೇ ಮೊದಲು. ನೀರು ಒಳಬಿಡದ ಪ್ಲಾಸ್ಟಿಕ್ ಕವಚದಲ್ಲಿ, ಅಂದರೆ ಹೌಸಿಂಗಿನಲ್ಲಿ, ಕೂರುವ ಕಾಂಪ್ಯಾಕ್ಟ್ ಕ್ಯಾಮೆರಾ. ಹೊರಗೆ ಜೋಡಿಸುವ ಪ್ರತ್ಯೇಕ ಫ್ಲ್ಯಾಶ್ (ಸ್ಟ್ರೋಬ್) ಇಲ್ಲದ್ದರಿಂದ ಅದರದೇ ಫ್ಲ್ಯಾಶ್ ಬಳಸಿದೆ. ಹೆಚ್ಚಿನ ಚಿತ್ರಗಳಲ್ಲಿ ಹಿಟ್ಟು ಉದುರಿಸಿದಂತೆ ಬಿಳಿ ಚುಕ್ಕೆಗಳಿವೆ. ಕಣ್ಣಿಗೆ ಚೆನ್ನಾಗಿಯೇ ಕಂಡ ಮೀನುಗಳೆಲ್ಲ ಹಸಿರು ಬೆರೆತ ನೀಲಿಯಾಗಿವೆ. ಎರಡನೆಯ ಡೈವಿನಲ್ಲಿ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಹೌಸಿಂಗಿನ ಗಾಜಿಗೆ ಒಳಗಿನಿಂದ ಮಂಜು ಕಟ್ಟಿತು. ಕ್ಯಾಮೆರಾಕ್ಕೆ ಸಂಬಂಧವಿಲ್ಲದ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ: ಅದೇ ಡೈವಿನ ಕೊನೆಗೆ ಮೇಲೆ ಬರುವ ಮುನ್ನ ಐದು ಮೀಟರ್ ಆಳದಲ್ಲಿ ಮೂರು ನಿಮಿಷ ತಂಗಬೇಕಾದ ಸೇಫ್ಟಿ ಸ್ಟಾಪಿನಲ್ಲಿ ನಿಲ್ಲಲಾಗದೆ ಮೇಲಕ್ಕೆ ಬಂದುಬಿಟ್ಟೆ, ಆಳ ಮತ್ತು ಸಮಯ ಅಳೆಯುವ ಮಣಿಕಟ್ಟಿನ ಡೈವ್ ಕಂಪ್ಯೂಟರ್ ಎಚ್ಚರಿಕೆಯಾಗಿ ಬಡಿದುಕೊಂಡಿತು. ಎರಡನೆಯ ಡೈವಿನ ಹನ್ನೆರಡು ಚಿತ್ರಗಳನ್ನೂ ಕಂಪ್ಯೂಟರಿನ ಆಳದ ನಕ್ಷೆಯನ್ನೂ ಲಗತ್ತಿಸಿದ್ದೇನೆ. ಯಾವ ಸೆಟ್ಟಿಂಗ್ ಬದಲಿಸಬೇಕೆಂದು ದಯವಿಟ್ಟು ತಿಳಿಸಿ.

ನೀರುಕಾಗೆ:

ಚಿತ್ರಗಳ ಮಾತು ಆಮೇಲೆ. ಮೇಲೆ ಬಂದ ಕೂಡಲೇ ಅಥವಾ ಮುಂದಿನ ಒಂದೆರಡು ದಿನಗಳಲ್ಲಿ ಎದೆನೋವು, ಕೆಮ್ಮಿದಾಗ ರಕ್ತ, ಕೀಲುಗಳಲ್ಲಿ ನೋವು, ಕೈಕಾಲು ಜೋಮು ಹಿಡಿಯುವುದು, ತಲೆಸುತ್ತು, ಇವುಗಳಲ್ಲಿ ಯಾವುದಾದರೂ ಇತ್ತೇ? ಇದ್ದರೆ ಇಲ್ಲಿ ಉತ್ತರಕ್ಕೆ ಕಾಯದೆ, ಡೈವ್ ಮಾಡಿದ್ದನ್ನು ಮೊದಲು ಹೇಳಿ ವೈದ್ಯರಿಗೆ ತೋರಿಸಿ. ಇಲ್ಲವಾದರೆ, ಮುಳುಗಲೆಂದು ಸೊಂಟದ ಬೆಲ್ಟಿಗೆ ಎಷ್ಟು ತೂಕ ಕಟ್ಟಿದ್ದಿರಿ, ಸೇಫ್ಟಿ ಸ್ಟಾಪಿಗೆ ಬಂದಾಗ ಟ್ಯಾಂಕಿನಲ್ಲಿ ಗಾಳಿಯ ಒತ್ತಡ ಎಷ್ಟು ಬಾರ್ ಉಳಿದಿತ್ತು, ಕ್ಲಿಕ್ಕಿಸುವಾಗ ಉಸಿರನ್ನು ಏನು ಮಾಡುತ್ತೀರಿ ಎಂಬುದನ್ನು ತಿಳಿಸಿ.

ಬಯಲುಸೀಮೆಯವ:

ಅಂಥ ತೊಂದರೆ ಯಾವುದೂ ಆಗಲಿಲ್ಲ. ಟ್ಯಾಂಕ್ 11 ಲೀಟರಿನ ಅಲ್ಯೂಮಿನಿಯಂ. 200 ಬಾರಿನಿಂದ ಆರಂಭಿಸಿ ಕೊನೆಗೆ 55 ಉಳಿದಿತ್ತು. ಕೋರ್ಸಿನಲ್ಲಿ ಇದೇ 3 ಮಿ.ಮೀ. ವೆಟ್‌ಸೂಟಿಗೆ 6 ಕಿಲೋ ಕೊಟ್ಟಿದ್ದರು. ಈ ಬಾರಿ ಸೊಂಟ ಒತ್ತುತ್ತದೆಂದು ಎರಡು ಕಿಲೋ ನಾನೇ ತೆಗೆಸಿದೆ. ಕೈ ಅಲುಗಬಾರದೆಂದು ಕ್ಲಿಕ್ಕಿಸುವಾಗ ಉಸಿರು ಬಿಗಿಹಿಡಿಯುತ್ತೇನೆ. ದಡದ ಮೇಲೆ ಹಕ್ಕಿಗಳ ಚಿತ್ರ ತೆಗೆದು ಬಂದ ಅಭ್ಯಾಸವದು.

ನೀರುಕಾಗೆ:

ಸಂಬಂಧವಿಲ್ಲವೆಂದು ನೀವು ಹೇಳಿದ ಮಾತೇ ಬೇರು. ಚಿತ್ರಗಳನ್ನು ತೆಗೆದ ಸಮಯವನ್ನು ಆಳದ ನಕ್ಷೆಯ ಮೇಲೆ ಇಟ್ಟು ನೋಡಿದೆ. ಮೊದಲ ಚಿತ್ರದಲ್ಲಿ ನಿಮ್ಮ ಮಣಿಕಟ್ಟಿನ ಕಂಪ್ಯೂಟರೂ ಬಿದ್ದಿರುವುದರಿಂದ ಎರಡು ಗಡಿಯಾರಗಳ ನಡುವಿನ ವ್ಯತ್ಯಾಸ ಕಳೆಯುವುದು ಸುಲಭವಾಯಿತು. ನೀವು ಕ್ಲಿಕ್ಕಿಸಿದ ಕಡೆಗಳಲ್ಲೆಲ್ಲ ಆಳದ ಗೆರೆ ಗರಗಸದ ಹಲ್ಲಿನಂತೆ ಮೇಲೆದ್ದಿದೆ. ಮೊದಲ ಇಪ್ಪತ್ತು ನಿಮಿಷ ಆ ಹಲ್ಲು ಅರ್ಧ ಮೀಟರಿನಷ್ಟು; ಆಮೇಲೆ ಒಂದೂವರೆ ಮೀಟರಿನವರೆಗೂ ಬೆಳೆದಿದೆ. ಹನ್ನೆರಡನೆಯ ಚಿತ್ರ ಸೇಫ್ಟಿ ಸ್ಟಾಪಿನದು, ಅಲ್ಲಿಂದ ಗೆರೆ ನೇರ ಮೇಲ್ಮೈಗೇ ಹೋಗಿದೆ.

ಲೆಕ್ಕ ಸರಳವಾಗಿದೆ. ಉಸಿರು ತುಂಬಿಕೊಂಡು ಬಿಗಿಹಿಡಿದರೆ ಎದೆಯಲ್ಲಿ ಎರಡು ಲೀಟರಿನಷ್ಟು ಹೆಚ್ಚುವರಿ ಗಾಳಿ ನಿಲ್ಲುತ್ತದೆ. ಅದು ನಿಮ್ಮನ್ನು ಸುಮಾರು ಎರಡು ಕಿಲೋ ಬಲದಿಂದ ಮೇಲಕ್ಕೆತ್ತುತ್ತದೆ. ಅಷ್ಟರಲ್ಲಿ 145 ಬಾರ್ ಗಾಳಿ ಖರ್ಚಾಗಿ ಟ್ಯಾಂಕೂ ಹೆಚ್ಚುಕಡಿಮೆ ಎರಡು ಕಿಲೋ ಹಗುರಾಗಿರುತ್ತದೆ. ನೀವು ತೆಗೆಸಿದ ಎರಡು ಕಿಲೋ ಬೇಕಾಗಿದ್ದದ್ದು ಆ ಹೊತ್ತಿಗೇ. ಟ್ಯಾಂಕ್ ತುಂಬಿದ್ದಾಗ ತೂಕ ಕಡಿಮೆಯಾಗಿದೆಯೆಂದು ಗೊತ್ತಾಗುವುದೇ ಇಲ್ಲ.

ಬಡಿದುಕೊಂಡ ಕಂಪ್ಯೂಟರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಐದು ಮೀಟರಿನಲ್ಲಿ ಬಿಗಿಹಿಡಿದ ನಾಲ್ಕು ಲೀಟರ್ ಗಾಳಿ ಮೇಲ್ಮೈಗೆ ಬರುವಾಗ ಆರು ಲೀಟರ್ ಆಗಲು ಹೊರಡುತ್ತದೆ, ಶ್ವಾಸಕೋಶದಲ್ಲಿ ಅಷ್ಟು ಜಾಗವಿರುವುದಿಲ್ಲ. ಉಸಿರು ಹಿಡಿಯಬಾರದೆಂಬುದು ಕೋರ್ಸಿನ ಮೊದಲ ಪಾಠವಾಗಿರುವುದು ಇದಕ್ಕೇ. ಕೈಗೆ ಕ್ಯಾಮೆರಾ ಬಂದ ಕ್ಷಣ ಎಲ್ಲರೂ ಮೊದಲು ಮರೆಯುವುದೂ ಇದನ್ನೇ, ನಾನೂ ಮರೆತಿದ್ದೆ. ನಿಧಾನವಾಗಿ ಉಸಿರು ಬಿಡುತ್ತಾ, ಅದು ಮುಗಿಯುವ ಹಂತದಲ್ಲಿ, ಗಂಟಲು ಮುಚ್ಚದೆ ಕ್ಲಿಕ್ಕಿಸಿ. ಸೇಫ್ಟಿ ಸ್ಟಾಪಿನ ಮೂರು ನಿಮಿಷ ಕ್ಯಾಮೆರಾ ಕ್ಲಿಪ್ಪಿನಲ್ಲಿ ತೂಗುತ್ತಿರಲಿ, ಕಣ್ಣು ಕಂಪ್ಯೂಟರಿನ ಮೇಲೂ ಜೊತೆಯ ಡೈವರ್ ಮೇಲೂ ಇರಲಿ.

ಚುಕ್ಕೆಗಳ ಮಾತಿಗೆ ಬಂದರೆ, ಒಂಬತ್ತನೆಯ ಚಿತ್ರದ ಎಡ ಅಂಚನ್ನು ದೊಡ್ಡದು ಮಾಡಿ ನೋಡಿ. ಬಂಡೆಯನ್ನು ಹಿಡಿದಿರುವ ನಿಮ್ಮದೇ ಬೆರಳುಗಳು ಕಾಣುತ್ತವೆ. ಮೇಲೆ ತೇಲಿಹೋಗದಂತೆ ಹಿಡಿದುಕೊಂಡಿದ್ದೀರಿ, ಬಂಡೆಯ ಮೇಲಿನ ಮರಳೆಲ್ಲ ಎದ್ದಿದೆ. ಆ ಬೆರಳುಗಳಿಂದ ಒಂದು ಗೇಣಿನಾಚೆ ಲಯನ್ ಫಿಶ್ ಇದೆ. ಅದರ ಬೆನ್ನಿನ ಮುಳ್ಳುಗಳಲ್ಲಿ ವಿಷವಿರುತ್ತದೆ. ಎದ್ದ ಕಣಗಳು ಲೆನ್ಸಿಗೂ ಮೀನಿಗೂ ನಡುವೆ ನಿಂತಾಗ, ಲೆನ್ಸಿನ ಪಕ್ಕದಲ್ಲೇ ಇರುವ ಫ್ಲ್ಯಾಶ್ ಮೀನಿಗಿಂತ ಮೊದಲು ಅವನ್ನೇ ಬೆಳಗುತ್ತದೆ. ಫ್ಲ್ಯಾಶ್ ಬಳಸಬೇಡಿ; ಮೀನಿನಿಂದ ಅರ್ಧ ಮೀಟರಿನೊಳಗೆ ನಿಲ್ಲಲು ಬರುವವರೆಗೆ ಸ್ಟ್ರೋಬಿಗೆ ಹಣ ಹಾಕಬೇಡಿ.

ಕಪ್ಪೆಚಿಪ್ಪು:

ಮಂಜಿನ ಬಗ್ಗೆ ಹೇಳುತ್ತೇನೆ. ಎರಡು ಡೈವ್‌ಗಳ ನಡುವೆ ದೋಣಿಯಲ್ಲಿ ಹೌಸಿಂಗ್ ತೆರೆದು ಬ್ಯಾಟರಿ ಬದಲಿಸಿರಬೇಕು. ಸಮುದ್ರದ ಮೇಲಿನ ತೇವದ ಗಾಳಿಯನ್ನು ಒಳಗೆ ಕೂಡಿಹಾಕಿ ನೀರಿಗಿಳಿದಿರಿ. ಕ್ಯಾಮೆರಾ ಒಳಗಿನಿಂದ ಬಿಸಿಯಾಗುತ್ತದೆ, ಗಾಜನ್ನು ನೀರು ತಣಿಸುತ್ತದೆ, ತೇವ ಹೋಗಿ ಗಾಜಿಗೆ ಕೂರುತ್ತದೆ. ಬೆಳಿಗ್ಗೆ ಎ.ಸಿ. ಕೋಣೆಯಲ್ಲಿಯೇ ಹೌಸಿಂಗ್ ಮುಚ್ಚಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣವಿಡಿ, ದೋಣಿಯಲ್ಲಿ ಒದ್ದೆ ಟವೆಲಿನ ಕೆಳಗಿಡಿ, ಎರಡೂ ಡೈವ್ ಮುಗಿಯುವವರೆಗೆ ತೆರೆಯಬೇಡಿ. ಮುಚ್ಚುವ ಮುನ್ನ ನೀರು ತಡೆಯುವ ರಬ್ಬರ್ ಬಳೆಯಾದ ಓ-ರಿಂಗಿನ ಮೇಲೆ ಬೆರಳಾಡಿಸಿ. ಒಂದು ತಲೆಗೂದಲು ಅಡ್ಡಬಿದ್ದರೂ ನೀರು ನುಗ್ಗುತ್ತದೆ. ಹಾಗೇನಾದರೂ ನುಗ್ಗಿದರೆ ಕ್ಯಾಮೆರಾ ಉಳಿಸಲೆಂದು ಮೇಲಕ್ಕೆ ಓಡಬೇಡಿ, ಎಂದಿನ ವೇಗದಲ್ಲೇ ಬನ್ನಿ.

ಬಣ್ಣಕ್ಕೆ ಸೆಟ್ಟಿಂಗ್ ಇದೆ. ನೀರು ಮೊದಲು ನುಂಗುವುದು ಕೆಂಪನ್ನು, ಐದಾರು ಮೀಟರಿನೊಳಗೆ ಅದು ಬಹುಪಾಲು ಹೋಗಿರುತ್ತದೆ. ಬಿಳಿ ಸ್ಲೇಟೊಂದನ್ನು ಒಯ್ದು, ಆಳ ಬದಲಾದಂತೆ ಅದನ್ನು ನೋಡಿಸಿ ವೈಟ್ ಬ್ಯಾಲೆನ್ಸ್ ಹೊಸದಾಗಿ ಹೊಂದಿಸಿಕೊಳ್ಳಿ. ರಾ (RAW) ರೂಪದಲ್ಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದ ಕಡತವಾಗಿ, ತೆಗೆದರೆ ಮನೆಗೆ ಬಂದು ತಿದ್ದಲೂ ಅವಕಾಶವಿರುತ್ತದೆ.

ಗೇರುಸೊಪ್ಪೆ_ತಿರುವು:

ಒಂದು ವಿಷಯ ಯಾರೂ ಕೇಳಲಿಲ್ಲ. ಬೆಂಗಳೂರಿಗೆ ಹೊರಟದ್ದು ಯಾವಾಗ?

ಬಯಲುಸೀಮೆಯವ:

ಅದೇ ದಿನ ರಾತ್ರಿಯ ಬಸ್ಸಿನಲ್ಲಿ. ವಿಮಾನ ಹತ್ತಬಾರದೆಂದು ಹೇಳಿದ್ದರಿಂದಲೇ ಬಸ್ಸು ಹಿಡಿದೆ.

ಗೇರುಸೊಪ್ಪೆ_ತಿರುವು:

ಡೈವಿನಲ್ಲಿ ದೇಹದೊಳಗೆ ಕರಗಿದ ಸಾರಜನಕ ಹೊರಗಿನ ಒತ್ತಡ ಇಳಿದರೆ ಗುಳ್ಳೆಗಟ್ಟಬಹುದು. ನಿಮ್ಮ ದೇಹಕ್ಕೆ ಬಸ್ಸು, ವಿಮಾನ ಎಂಬ ಭೇದವಿಲ್ಲ, ಆ ಒತ್ತಡ ಎಷ್ಟು ಇಳಿಯಿತೆಂಬುದು ಮಾತ್ರ ಮುಖ್ಯ. ಒಂದೇ ಡೈವಾದರೆ 12 ಗಂಟೆ, ಹೆಚ್ಚು ಡೈವಾದರೆ 18 ಗಂಟೆ ಕಾಯಬೇಕೆಂಬ ವಿಮಾನದ ನಿಯಮವನ್ನು ಸುಮಾರು 600 ಮೀಟರಿನಿಂದ 2,400 ಮೀಟರ್ ಎತ್ತರದಲ್ಲಿರುವಷ್ಟು ಕ್ಯಾಬಿನ್ ಒತ್ತಡಕ್ಕೆ ಮಾಡಿರುವುದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ನಾವು ಕರಾವಳಿಯವರು ಮನೆಗೆ ಹೋಗಿ ಮಲಗಿದರೆ ಆಯಿತು, ಘಟ್ಟ ಹತ್ತುವವರು ಒಂದು ರಾತ್ರಿ ಕೆಳಗೇ ಉಳಿಯುವುದು ಒಳ್ಳೆಯದು.

ಬಯಲುಸೀಮೆಯವ (ಫೆಬ್ರವರಿ):

ಮತ್ತೆ ಹೋಗಿ ಬಂದೆ. ಮೊದಲ ಡೈವ್ ಮುಗಿದಾಗ 50 ಬಾರ್ ಉಳಿದಿದ್ದ ಟ್ಯಾಂಕಿನೊಂದಿಗೇ ದೋಣಿಯ ಪಕ್ಕದಲ್ಲಿ ತೂಕ ಪರೀಕ್ಷಿಸಿದೆ: ಬಿ.ಸಿ.ಡಿ. (ಗಾಳಿ ತುಂಬಿ ತೇಲಲು ತೊಡುವ ಜಾಕೆಟ್) ಪೂರ್ತಿ ಖಾಲಿ, ಸಾಮಾನ್ಯ ಉಸಿರು ತೆಗೆದುಕೊಂಡಾಗ ನೀರು ಕಣ್ಣಿನ ಮಟ್ಟಕ್ಕೆ, ಉಸಿರು ಬಿಟ್ಟಾಗ ನಿಧಾನವಾಗಿ ಮುಳುಗಿದೆ. 6 ಕಿಲೋ ಸರಿಯಾಗಿತ್ತು. ಸೊಂಟ ಒತ್ತಿದ್ದು ಬೆಲ್ಟ್ ಸಡಿಲವಾಗಿ ಕೆಳಗೆ ಜಾರುತ್ತಿದ್ದುದರಿಂದ. ಎರಡೂ ಡೈವುಗಳಲ್ಲಿ ಮೂರು ನಿಮಿಷ ಐದು ಮೀಟರಿನಲ್ಲಿ ನಿಂತೆ. ಗಾಜಿಗೆ ಮಂಜು ಬರಲಿಲ್ಲ. ಕಳೆದ ಬಾರಿ ಅರವತ್ತು ಚಿತ್ರ ತೆಗೆದಿದ್ದವನು ಈ ಬಾರಿ ತೆಗೆದದ್ದು ಹದಿನಾಲ್ಕು. ಬಂಡೆಯ ಬಿರುಕಿನಿಂದ ತಲೆ ಹೊರಗಿಟ್ಟ ಮೊರೇ ಈಲ್ ಒಂದರ ಚಿತ್ರವನ್ನು ಲಗತ್ತಿಸಿದ್ದೇನೆ. ಬಲ ಮೂಲೆಯಲ್ಲಿ ನಾಲ್ಕೈದು ಚುಕ್ಕೆಗಳಿವೆ, ಅಂಚಿನಲ್ಲಿ ಬೆರಳುಗಳಿಲ್ಲ. ಹಿಂದಿರುಗಿದ್ದು ಮರುದಿನ ಸಂಜೆಯ ಬಸ್ಸಿಗೆ.