ಆಪರೇಷನ್ ಆದ ಕೈಯಲ್ಲಿ ಲೋಟ ಎತ್ತಬಾರದಾ? ಫಿಸಿಯೋಥೆರಪಿಸ್ಟ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಬಸವನಗುಡಿಯಿಂದ): ನಮಸ್ಕಾರ ಮೇಡಂ. ಅಮ್ಮನಿಗೆ 58 ವರ್ಷ. ಎರಡು ತಿಂಗಳ ಹಿಂದೆ ಬಲ ಸ್ತನದ ಕ್ಯಾನ್ಸರ್ ಆಪರೇಷನ್ ಆಯಿತು. ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದಾರೆ. ರೇಡಿಯೇಷನ್ ನಡೀತಿದೆ. ನೋಡೋಕೆ ಬಂದವರೆಲ್ಲ "ಆ ಕೈಯಲ್ಲಿ ಲೋಟ ಕೂಡ ಎತ್ತಬೇಡಿ, ಕೈ ಊದಿಬಿಡುತ್ತೆ" ಅಂತಾರೆ. ಅಮ್ಮ ಹೆದರಿ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿರುತ್ತಾರೆ. ತಲೆ ಬಾಚೋದೂ ನಾನೇ. ಏನು ಮಾಡಲಿ?

ಉತ್ತರ: ಮೊದಲು ಬಾಚಣಿಗೆಯನ್ನು ಅಮ್ಮನ ಕೈಗೇ ಕೊಡಿ!

ಊತದ ಭಯ ಸುಮ್ನೆ ಹುಟ್ಟಿದ್ದಲ್ಲ. ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆದವರಲ್ಲಿ ಸುಮಾರು 5 ಜನರಲ್ಲಿ ಒಬ್ಬರಿಗೆ ಲಿಂಫೆಡೀಮಾ, ಅಂದರೆ ಕೈ ಊತ, ಬರುತ್ತದೆ. ಎರಡು ಮೂರು ಗ್ರಂಥಿ ಮಾತ್ರ ತೆಗೆದು ಪರೀಕ್ಷೆ ಮಾಡಿದವರಲ್ಲಿ ಇದು ಬಹಳ ಕಡಿಮೆ. ಕಂಕುಳಿಗೆ ರೇಡಿಯೇಷನ್ ಬಿದ್ದರೆ, ಮೈತೂಕ ಜಾಸ್ತಿ ಇದ್ದರೆ ಸಾಧ್ಯತೆ ಏರುತ್ತದೆ.

ಆದರೆ ಕೈ ಆಡಿಸದೆ ಇರುವುದು ಇದಕ್ಕೆ ಮದ್ದಲ್ಲ. ರಕ್ತ ತಳ್ಳೋಕೆ ಹೃದಯ ಇದೆ. ಲಿಂಫ್, ಅಂದರೆ ಈ ಗ್ರಂಥಿಗಳ ಮೂಲಕ ಹರಿಯುವ ಮೈನೀರು, ನಿಂತರೆ ಕೈ ಊದುತ್ತದೆ. ಅದಕ್ಕೆ ಅಂಥ ಪಂಪ್ ಇಲ್ಲ. ಸ್ನಾಯು ಹಿಂಡಿದಾಗ, ಆಳವಾಗಿ ಉಸಿರೆಳೆದಾಗ ಅದು ಮುಂದೆ ಹೋಗುತ್ತದೆ. ಮಡಿಲಲ್ಲಿಟ್ಟ ಕೈಯಲ್ಲಿ ಯಾರು ಹಿಂಡಬೇಕು ಹೇಳಿ? ಮೇಲಿಂದ ಭುಜ ಬೇರೆ ಹಿಡಿದುಕೊಳ್ಳುತ್ತದೆ.

ಸರ್ಜನ್ ಬೇಡ ಅಂದಿಲ್ಲದಿದ್ದರೆ ದಿನಕ್ಕೆ ಎರಡು ಮೂರು ಸಲ ಮುಷ್ಟಿ ಕಟ್ಟಿ ಬಿಡಲಿ, ಮೊಣಕೈ ಮಡಚಲಿ, ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತಾ ಕೈ ಮೇಲಕ್ಕೆ ಒಯ್ಯಲಿ. ಭಾರವನ್ನು ಮೆಲ್ಲಗೆ ಏರಿಸಬಹುದು. 2009ರಲ್ಲಿ ಅಮೆರಿಕದ ಒಂದು ಅಧ್ಯಯನದಲ್ಲಿ ಆಗಲೇ ಊತ ಇದ್ದ ಹೆಂಗಸರು ನಿಧಾನವಾಗಿ ತೂಕ ಎತ್ತುವುದನ್ನು ಕಲಿತರು. ಅವರ ಊತ ಹೆಚ್ಚಾಗಲಿಲ್ಲ. ಹಾಗಂತ ನಾಳೆಯೇ ಇಡ್ಲಿ ಹಿಟ್ಟಿನ ಗ್ರೈಂಡರ್ ಎತ್ತೋದು ಬೇಡ.

ನಾನು ನಿಜವಾಗಿ ಹೆದರೋದು ಸೋಂಕಿಗೆ. ಈಳಿಗೆ ಮಣೆಯ ಗಾಯ, ಒಗ್ಗರಣೆ ಸಿಡಿತ, ಕೆರೆದ ಸೊಳ್ಳೆ ಕಡಿತ, ಉಗುರು ಸುತ್ತು, ಎಲ್ಲವೂ ಕ್ರಿಮಿಗೆ ಬಾಗಿಲು. ಸೋಪಿನಿಂದ ತೊಳೆದು ಮುಲಾಮು ಹಚ್ಚಿ. ಚರ್ಮ ಒಡೆಯದ ಹಾಗೆ ತೇವ ಇಡುವ ಕ್ರೀಮ್ ಹಚ್ಚಲಿ. ರೇಡಿಯೇಷನ್ ಬೀಳುವ ಜಾಗಕ್ಕೆ ಮಾತ್ರ ಅಲ್ಲಿನವರನ್ನು ಕೇಳದೆ ಏನೂ ಬೇಡ. ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಬೆಳಗಾಗಲಿ ಅಂತ ಕಾಯಬೇಡಿ.

ಅದೇ ಅಕ್ಕ: ಬಲಗೈಯಲ್ಲಿ ಬಿಪಿ ನೋಡಿಸಬಾರದು ಅಂತಾರಲ್ಲ?

ಉತ್ತರ: ಎಡಗೈ ಖಾಲಿ ಇದೆ ಅಲ್ವಾ, ಅದನ್ನೇ ಕೊಡಿ. ಆದರೆ ತುರ್ತಿನಲ್ಲಿ ಬಲಗೈಗೆ ಒಂದು ಸೂಜಿ ಬಿತ್ತು ಅಂತ ನಿದ್ದೆ ಕೆಡಿಸಿಕೊಳ್ಳಬೇಡಿ. ನೂರಾರು ಹೆಂಗಸರನ್ನು ವರ್ಷಗಟ್ಟಲೆ ಅಳತೆ ಮಾಡಿ ನೋಡಿದ 2016ರ ಅಧ್ಯಯನದಲ್ಲಿ ಬಿಪಿ, ಸೂಜಿ, ವಿಮಾನ ಪ್ರಯಾಣಕ್ಕೂ ಊತಕ್ಕೂ ನಂಟು ಕಾಣಲಿಲ್ಲ. ಚರ್ಮದ ಸೋಂಕಿಗೆ ಕಂಡಿತು.

ಇನ್ನೊಬ್ಬರು (ವಿಜಯನಗರ): ಗೌರಿ ಹಬ್ಬಕ್ಕೆ ಗಾಂಧಿ ಬಜಾರಿನಲ್ಲಿ ಬಳೆ ತೊಡಿಸಿಕೊಳ್ಳಬಹುದಾ ಮೇಡಂ? ನನಗೂ ಇದೇ ಆಪರೇಷನ್ ಆಗಿದೆ.

ಉತ್ತರ: ಬಳೆಗಾರರು ಬೆರಳುಗಳನ್ನು ಒಟ್ಟಿಗೆ ಹಿಂಡಿ ಬಿಗಿ ಬಳೆ ಏರಿಸುತ್ತಾರಲ್ಲ, ಆ ಕೈಗೆ ಅದು ಬೇಡ. ಒಂದು ಗಾಜು ಒಡೆದರೂ ಗಾಯ. ದೊಡ್ಡ ಅಳತೆಯದ್ದು ತಗೊಂಡು ನೀವೇ ತೊಟ್ಟುಕೊಳ್ಳಿ. ಸಡಿಲ ಬಳೆ ಒಳ್ಳೆಯ ಕಾವಲುಗಾರ ಕೂಡ. ಆಡುತ್ತಿದ್ದ ಬಳೆ ಸಂಜೆ ಹೊತ್ತಿಗೆ ಆಡದಿದ್ದರೆ, ರವಿಕೆ ತೋಳು ಗುರುತು ಮೂಡಿಸಿದರೆ, ಕೈ ಭಾರ ಅನಿಸಿದರೆ ಬಂದು ತೋರಿಸಿ. ಶುರುವಿನಲ್ಲೇ ಸಿಕ್ಕ ಊತವನ್ನು ಹಿಡಿತದಲ್ಲಿಡೋದು ಸುಲಭ.

ಮೆಡಿಕಲ್ ಶಾಪ್‌ನಲ್ಲಿ ಅಂದಾಜಿಗೆ ಪ್ರೆಶರ್ ಸ್ಲೀವ್ (ಊತ ಒತ್ತಿ ಹಿಡಿಯಲು ಕೈಗೆ ತೊಡುವ ಬಿಗಿ ತೋಳು) ಕೊಳ್ಳಬೇಡಿ. ಅಳತೆ ತಪ್ಪಿದರೆ ಮಣಿಕಟ್ಟಿನಲ್ಲಿ ಕಟ್ಟಿ ಬೆರಳು ಊದುತ್ತವೆ. ಊತಕ್ಕೆ ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿಸೋದೂ ಬೇಡ. ಲಿಂಫ್ ಮಸಾಜ್ ಹಗುರ ಕೈಯದ್ದು, ಅದನ್ನು ಕಲಿತವರೇ ಬೇರೆ.

ಬಸವನಗುಡಿ ಅಕ್ಕ: ಊದಿದೆ ಅಂತ ನಮಗೆ ತಿಳಿಯೋದು ಹೇಗೆ?

ಉತ್ತರ: ಟೈಲರ್ ಟೇಪ್ ಇದೆಯಾ? ಮೊಣಕೈಯಿಂದ 10 ಸೆಂಟಿಮೀಟರ್ ಮೇಲೆ, 10 ಕೆಳಗೆ, ಮತ್ತೆ ಮಣಿಕಟ್ಟು. ಎರಡೂ ಕೈ ಅಳೆಯಿರಿ. ಆಪರೇಷನ್‌ಗೆ ಮುಂಚೆಯೇ ಅಳೆದಿದ್ದರೆ ಚೆನ್ನಾಗಿತ್ತು, ಇರಲಿ. ಎರಡು ಕೈಗಳ ವ್ಯತ್ಯಾಸ 2 ಸೆಂಟಿಮೀಟರ್ ಮುಟ್ಟಿದರೆ ಬನ್ನಿ. ಕಡಿಮೆ ಇದ್ದರೂ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಆಗಲೂ ಬನ್ನಿ.

ಬಸವನಗುಡಿ ಅಕ್ಕ: ಈಗಷ್ಟೇ ಅಳೆದೆ. ಮೊಣಕೈ ಮೇಲೆ ಬಲ 29, ಎಡ 28.5.

ಉತ್ತರ: ಬಲಗೈ ಬಳಸುವವರಿಗೆ ಅಷ್ಟು ಇರೋದೇ. ಕ್ಯಾಲೆಂಡರ್ ಮೇಲೆ ಬರೆದಿಡಿ. ಬರುವ ತಿಂಗಳು ಇದೇ ಹೊತ್ತಿಗೆ ಮತ್ತೆ ಅಳೆಯಿರಿ.